ಪಾತ್ರಧಾರಿ ರೋಗಿ, ನಿಜವಾದ ಪಾಠ

ಚುಚ್ಚುಮದ್ದು ಕೊಡಲು ಕಲಿಯುವ ನರ್ಸಿಂಗ್ ವಿದ್ಯಾರ್ಥಿನಿ ಮೊದಲು ಗೊಂಬೆಯ ತೋಳಿನ ಮೇಲೆ ಅಭ್ಯಾಸ ಮಾಡುತ್ತಾಳೆ. ಆದರೆ ನೊಂದ ಮನಸ್ಸಿನೊಡನೆ ಮಾತನಾಡುವುದನ್ನು ಯಾವ ಗೊಂಬೆಯಿಂದ ಕಲಿಯಬೇಕು?

ಇದಕ್ಕೆ ದೊರೆತ ಉತ್ತರವೇ 'ಪಾತ್ರಧಾರಿ ರೋಗಿ'. ಆರೋಗ್ಯವಂತರೊಬ್ಬರಿಗೆ ರೋಗಿಯ ಕಥೆ, ಲಕ್ಷಣ, ಮಾತಿನ ರೀತಿಗಳನ್ನು ಕಲಿಸಿ ವಿದ್ಯಾರ್ಥಿಯ ಎದುರು ಕೂರಿಸುವ ಕ್ರಮವಿದು. ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1963ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಇದನ್ನು ಆರಂಭಿಸಿದರು. ನಂತರ ಶುಶ್ರೂಷಾ ಶಿಕ್ಷಣಕ್ಕೂ ಇದು ಬಂತು. ನಮ್ಮ ಬೆಂಗಳೂರಿನಲ್ಲಿ, ಈಗಿನ ನಿಮ್ಹಾನ್ಸ್‌ನ ಹಿಂದಿನ ರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಮನೋರೋಗ ಶುಶ್ರೂಷೆಯ ಡಿಪ್ಲೊಮಾ ತರಬೇತಿ 1950ರ ದಶಕದಲ್ಲೇ ಶುರುವಾಗಿತ್ತು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಕೃತಕ ಸನ್ನಿವೇಶಗಳ ಕಲಿಕೆಗೂ ಸ್ಥಾನವಿದೆ.

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕಡೆಯ ರೈತನ ಪಾತ್ರವೊಂದನ್ನು ಊಹಿಸಿಕೊಳ್ಳಿ. ಕೊಳವೆಬಾವಿ ಬತ್ತಿದೆ, ಸಾಲ ಬೆಳೆದಿದೆ. ಆತ 'ಖಿನ್ನತೆ' ಎಂಬ ಪದವನ್ನೇ ಎತ್ತುವುದಿಲ್ಲ. "ತಲೆ ಭಾರ ಕಣಮ್ಮ, ರಾತ್ರಿ ನಿದ್ದೆ ಬರಲ್ಲ, ಒಂದು ಮಾತ್ರೆ ಕೊಡಿ" ಎನ್ನುತ್ತಾನೆ. ಗಡಿನಾಡಾದ್ದರಿಂದ ನಡುವೆ ತೆಲುಗೂ ನುಸುಳುತ್ತದೆ. ಪಾತ್ರಧಾರಿಯ ಮಾತೂ ಹೀಗೆಯೇ ಇರಬೇಕು. ಪುಸ್ತಕದ ಭಾಷೆಯಲ್ಲಿ ಕಾಯಿಲೆ ಹೇಳಿಕೊಳ್ಳುವ ರೋಗಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ.

ವಿದ್ಯಾರ್ಥಿನಿ ಅವಸರಪಟ್ಟು "ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ" ಎಂದರೆ ಆತ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ಹಾಗೆ ಮಾಡಬೇಕೆಂದೇ ಅವನಿಗೆ ಕಲಿಸಿರುತ್ತಾರೆ. ಅದೇ ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿತ್ತಾ ಅಣ್ಣಾ?" ಎಂದು ಮೆಲ್ಲಗೆ, ನೇರವಾಗಿ ಕೇಳಿದರೆ ಬಾಯಿ ಬಿಡುತ್ತಾನೆ.

ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೇ ಎಂದು ನೀವು ಹೆದರಬಹುದು. ಆ ಭಯಕ್ಕೆ ಆಧಾರವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಕೇಳದೆ ಬಿಡುವುದರಲ್ಲೇ ಹೆಚ್ಚು ಅಪಾಯ. ಆದರೆ ಈ ಪ್ರಶ್ನೆ ಮೊದಲ ಸಲಕ್ಕೇ ಯಾರ ನಾಲಗೆಗೂ ಸುಲಭವಾಗಿ ಬರುವುದಿಲ್ಲ. ತರಗತಿಯಲ್ಲಿ ತಡವರಿಸಿದರೆ ನಷ್ಟವಿಲ್ಲ, ಮತ್ತೊಮ್ಮೆ ಕೇಳಬಹುದು. ನಿಜವಾದ ರೋಗಿ ಎದ್ದುಹೋದರೆ ಮತ್ತೆ ಬರುತ್ತಾನೆಂಬ ಭರವಸೆಯಿಲ್ಲ.

ಮಾತುಕತೆ ಮುಗಿದ ಮೇಲೆ ಚರ್ಚೆ ನಡೆಯುತ್ತದೆ. ಯಾವ ಮಾತಿಗೆ ಮನಸ್ಸು ತೆರೆಯಿತು, ಯಾವುದಕ್ಕೆ ಮುದುಡಿತು ಎಂದು ಪಾತ್ರಧಾರಿಯೇ ಹೇಳುತ್ತಾರೆ. ದುಃಖದ ಪಾತ್ರ ಅವರ ಮನಸ್ಸಿನಲ್ಲೂ ಉಳಿಯಬಹುದಾದ್ದರಿಂದ, ಅದನ್ನು ಕಳಚಿ ಹೊರಬರಲು ಅವರಿಗೂ ನೆರವು ಬೇಕು. ಸಿನಿಮಾದ 'ಹುಚ್ಚ'ನಂತೆ ನಟಿಸಿದರೆ ತಪ್ಪು ಕಲ್ಪನೆಯನ್ನೇ ಕಲಿಸಿದಂತಾಗುತ್ತದೆ.

ಈ ಅಭ್ಯಾಸ ವಾರ್ಡಿನ ಅನುಭವಕ್ಕೆ ಬದಲಿಯಲ್ಲ, ಅದಕ್ಕೆ ಸಿದ್ಧತೆ. ನಿಮ್ಮ ಮನೆಯಲ್ಲೂ ಯಾರಾದರೂ ನಿದ್ದೆಗೆಟ್ಟು ಮಂಕಾಗಿದ್ದರೆ ಉಪದೇಶಕ್ಕೆ ಮೊದಲು ಅವರ ಮಾತು ಕೇಳಿ. 'ಟೆಲಿ ಮಾನಸ್' ಉಚಿತ ದೂರವಾಣಿ 14416 ಹಗಲಿರುಳೂ ನೆರವಿಗಿದೆ.