ಅಂಬಲಿಯ ಹುಳಿ ಮಾಡುವ ಕೆಲಸ

ಉಮರ್ಗಾ, ನಿಲಂಗಾ, ಉದಗೀರ ಭಾಗದವರಾದ ನಿಮಗೆ ಎಳ್ಳಮಾವಾಸ್ಯೆಯನ್ನು ಪರಿಚಯಿಸಬೇಕಾಗಿಲ್ಲ. ಮರಾಠಿಯಲ್ಲಿ ಅದೇ ವೇಳ ಅಮಾವಾಸ್ಯೆ. ಕನ್ನಡದ ಅಂಬಲಿ ಅಲ್ಲಿ ಆಂಬೀಲ್. ಹೆಸರು ಎರಡು, ಗಡಿಗೆ ಒಂದೇ. ಅಂದು ಹೊಲದಲ್ಲಿ ಪೂಜೆ ಮಾಡಿ, ಭಜ್ಜಿ ರೊಟ್ಟಿ ಉಂಡು, ನೆಂಟರಿಷ್ಟರಿಗೆಲ್ಲ ಅಂಬಲಿ ಹಂಚುತ್ತೇವೆ. ಮರುದಿನದಿಂದ ಮತ್ತೆ ಚಹಾ, ಬಿಸ್ಕೀಟು. ನಿತ್ಯದ ಊಟವಾಗಿದ್ದ ಅಂಬಲಿ ಅನೇಕ ಮನೆಗಳಲ್ಲಿ ವರ್ಷಕ್ಕೊಮ್ಮೆ ಬರುವ ಅತಿಥಿಯಾಗಿದೆ. ಅದು ನಮ್ಮ ಹೊಟ್ಟೆಗೆ ಮಾಡುವ ಉಪಕಾರವೇನು, ಅದರ ಮಿತಿ ಎಷ್ಟು ಎಂಬುದನ್ನು ನೋಡೋಣ.

ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲೋ ನೀರಿನಲ್ಲೋ ಕಲಸಿ ರಾತ್ರಿ ಇಟ್ಟರೆ ಬೆಳಗಿಗೆ ಹುಳಿ ಬಂದಿರುತ್ತದೆ. ಇದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಕೆಲಸ. ಅವು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಹುಳಿ ಏರಿದಂತೆ ಹೊಟ್ಟೆ ಕೆಡಿಸುವ ಅನೇಕ ರೋಗಾಣುಗಳಿಗೆ ಅಲ್ಲಿ ಬೆಳೆಯಲು ಆಗುವುದಿಲ್ಲ.

ಎರಡನೆಯ ಲಾಭ ಕಬ್ಬಿಣ ಮತ್ತು ಸತುವಿಗೆ ಸಂಬಂಧಿಸಿದ್ದು. ಜೋಳದಲ್ಲಿ ಇವೆರಡೂ ಇವೆ. ಆದರೆ ಫೈಟಿಕ್ ಆಮ್ಲ ಎಂಬ ವಸ್ತು ಅವನ್ನು ಹಿಡಿದಿಟ್ಟಿರುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಸಹಿ ಹೊಂದದ ಚೆಕ್ಕಿನಂತೆ ತೋರುತ್ತದೆ. ಖಾತೆಯಲ್ಲಿ ಹಣವಿದೆ, ಕೈಗೆ ಬರುವುದಿಲ್ಲ. ಹಿಟ್ಟು ಹುಳಿಯುವಾಗ ಫೈಟೇಸ್ ಎಂಬ ಕಿಣ್ವ ಈ ಹಿಡಿತವನ್ನು ಸಡಿಲಿಸುತ್ತದೆ. ರೊಟ್ಟಿಯನ್ನೇ ನಂಬಿರುವ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಮೂರನೆಯದು ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿ ಆಕ್ಸಿಡೆಂಟುಗಳು. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ದೇಹದ ಕಣಗಳಿಗೂ ಒಂದು ಬಗೆಯ ಸವಕಳಿ ಉಂಟು. ಅದನ್ನು ತಡೆಯಬಲ್ಲ ಫೆರುಲಿಕ್ ಆಮ್ಲದಂಥ ವಸ್ತುಗಳು ಜೋಳದ ಸಿಪ್ಪೆಯಲ್ಲಿ ನಾರಿಗೆ ಅಂಟಿಕೊಂಡಿರುತ್ತವೆ. ಹುಳಿಸಿದಾಗ ಅವುಗಳಲ್ಲಿ ಒಂದಿಷ್ಟು ಬಿಡುಗಡೆಯಾಗುತ್ತದೆ. ಆದ್ದರಿಂದ ಹಿಟ್ಟನ್ನು ತೀರಾ ಸಣ್ಣಗೆ ಸಾಣಿಸಿ ತೌಡನ್ನು ಚೆಲ್ಲಬೇಡಿರಿ. ಆದರೆ ಪ್ರಯೋಗಶಾಲೆಯಲ್ಲಿ ಕಂಡ ಈ ಗುಣದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಈಗ ಬಹಳ ಜನ ಗಮನಿಸದ ಒಂದು ಸಂಗತಿ. ಹುಳಿಹಿಟ್ಟನ್ನು ಒಲೆಯ ಮೇಲಿಟ್ಟು ಕುದಿಸಿದರೆ ಅದರಲ್ಲಿದ್ದ ಜೀವಾಣುಗಳು ಸಾಯುತ್ತವೆ. ಸಡಿಲಗೊಂಡ ಕಬ್ಬಿಣ, ಸತು ಉಳಿಯುತ್ತವೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಅಂಬಲಿ ಚೆನ್ನಾಗಿ ಆರಿದ ಮೇಲೆ ತಾಜಾ ಮಜ್ಜಿಗೆ ಬೆರೆಸಬೇಕು. ಬಿಸಿಯಿರುವಾಗಲೇ ಸುರಿದರೆ ಆ ಲಾಭ ಕಡಿಮೆಯಾಗುತ್ತದೆ.

ಜೋಳದ ನಾರಿನ ಲೆಕ್ಕ ಬೇರೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಮೊದಲೇ ವಾಸವಾಗಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ಅವು ಅದನ್ನು ತಿಂದು ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರಿಗೆ ಬ್ಯುಟಿರೇಟ್ ಪೋಷಣೆ ಕೊಡುತ್ತದೆ.

ಹುಳಿ ಹಾಲಿನ ಜೀವಾಣುಗಳು ಕರುಳಿಗೆ ಹಿತವೆಂದು ಮೆಚ್ನಿಕಾಫ್ ಎಂಬ ವಿಜ್ಞಾನಿ 20ನೆಯ ಶತಮಾನದ ಆರಂಭದಲ್ಲೇ ಹೇಳಿದ್ದರು. ಬೇರೊಂದು ಸಂಶೋಧನೆಗಾಗಿ ಅವರಿಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಆರೋಗ್ಯವಂತರು ಭಾಗವಹಿಸಿದ್ದರು. 10 ವಾರ ಹುಳಿಸಿದ ಆಹಾರವನ್ನು ಹೆಚ್ಚಾಗಿ ತಿಂದವರ ಕರುಳಿನಲ್ಲಿ ಜೀವಾಣುಗಳ ಬಗೆಗಳು ಹೆಚ್ಚಿದವು, ಉರಿಯೂತದ ಗುರುತುಗಳು ತಗ್ಗಿದವು. ಅವರು ತಿಂದದ್ದು ಮೊಸರು, ಹುಳಿಸಿದ ತರಕಾರಿ ಮೊದಲಾದವು. ನಮ್ಮ ಅಂಬಲಿಗೂ ಅದೇ ಫಲ ಎಂದು ಅದರಿಂದ ಹೇಳಲಾಗದು.

ಕೆಲವು ಎಚ್ಚರಿಕೆಗಳು. ಬೂಸ್ಟು ಬಂದಿದ್ದರೆ, ಕೆಟ್ಟ ವಾಸನೆ ಇದ್ದರೆ ಅಂಬಲಿಯನ್ನು ಚೆಲ್ಲಿಬಿಡಿರಿ. ಮಣ್ಣಿನ ಇಲ್ಲವೆ ಸ್ಟೀಲಿನ ಪಾತ್ರೆ ಬಳಸಿರಿ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಬೇಡ, ಹುಳಿಗೆ ಲೋಹ ಕರಗುತ್ತದೆ. ರಕ್ತದೊತ್ತಡ ಇದ್ದವರು ಉಪ್ಪು ಕಡಿಮೆ ಹಾಕಿಕೊಳ್ಳಿರಿ. ಸಕ್ಕರೆ ಕಾಯಿಲೆಯವರು ಅಂಬಲಿಯನ್ನು ಊಟದ ಲೆಕ್ಕದಲ್ಲೇ ಹಿಡಿಯಿರಿ, ಔಷಧ ಬಿಡಬೇಡಿರಿ.

ಅಂಬಲಿ ಔಷಧವಲ್ಲ, ಒಳ್ಳೆಯ ಊಟ. ಅದಕ್ಕೆ ಬೇಕಾದ ಜೋಳ ನಮ್ಮ ನೆಲದ್ದು, ಮಜ್ಜಿಗೆ ನಮ್ಮ ಮನೆಯದು. ಹಬ್ಬಕ್ಕಾಗಿ ಕಾಯದೆ ವಾರಕ್ಕೆ ಎರಡು ಸಲವಾದರೂ ಗಡಿಗೆಯನ್ನು ಕೆಳಗಿಳಿಸಿರಿ.