ಹಳೇಬೀಡಿನ ಹುಲ್ಲುಹಾಸು ಪಾರ್ಕಾ, ಸ್ಮಾರಕವಾ?

ಹಳೇಬೀಡಿನಲ್ಲಿ ಪಾರ್ಕ್ ಎಲ್ಲಿದೆ ಅಂತ ಹೊರಗಿನವರು ಕೇಳಿದರೆ ಹೊಯ್ಸಳೇಶ್ವರ ದೇವಸ್ಥಾನದ ಕಡೆಗೇ ಕೈ ತೋರಿಸಬೇಕು. ಸುತ್ತ ಅಚ್ಚುಕಟ್ಟಾಗಿ ಕತ್ತರಿಸಿದ ಹುಲ್ಲು, ಮರದ ನೆರಳು, ಪಕ್ಕದಲ್ಲೇ ದ್ವಾರಸಮುದ್ರ ಕೆರೆ. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಶಿಲ್ಪ ನೋಡಿ ಕಾಲು ಸೋತವರು ಕೂರಬೇಕು, ಹಸಿದ ಮಕ್ಕಳು ಪುಳಿಯೋಗರೆ ಬುತ್ತಿ ಬಿಚ್ಚಬೇಕು. ಎಲ್ಲರ ಕಣ್ಣೂ ಆ ಹುಲ್ಲಿನ ಮೇಲೇ.

ಆದರೆ ಕಾನೂನಿನ ಲೆಕ್ಕದಲ್ಲಿ ಅದು ಪಾರ್ಕ್ ಅಲ್ಲ, ಸಂರಕ್ಷಿತ ಸ್ಮಾರಕದ ಆವರಣ. ಇಲ್ಲಿ ನಡೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು 1959ರ ಅದರ ನಿಯಮಗಳು. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಅಡುಗೆ ಮಾಡುವಂತಿಲ್ಲ, ಊಟ ಮಾಡುವಂತಿಲ್ಲ. ಅನುಮತಿ ಇಲ್ಲದೆ ಸಭೆ, ಮನರಂಜನೆ ನಡೆಸುವಂತಿಲ್ಲ. ಕಾವಲುಗಾರ ಸೀಟಿ ಊದಿದರೆ ಅದು ಅವನ ದರ್ಪ ಅಲ್ಲ, ಅವನ ಕೆಲಸ.

ಹಾಗಾದರೆ ಈ ಹುಲ್ಲು ಬಂದದ್ದೆಲ್ಲಿಂದ? 12ನೇ ಶತಮಾನದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಈ ದೇವಸ್ಥಾನ ಎದ್ದಾಗ ಇದು ರಾಜಧಾನಿಯ ನಡುವಿನ ಜಾಗ. ಸ್ಮಾರಕದ ಸುತ್ತ ಹುಲ್ಲುಹಾಸು ಬೆಳೆಸುವ ರೂಢಿ ಬ್ರಿಟಿಷರ ಕಾಲದ್ದು. ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದಾಗ ತಾಜ್ ಮಹಲಿನ ತೋಟವನ್ನು ಇಂಗ್ಲಿಷ್ ರುಚಿಗೆ ತಕ್ಕಂತೆ ತಿದ್ದಲಾಯಿತು. ಆಮೇಲೆ ಅದೇ ಮಾದರಿ ದೇಶದ ಉದ್ದಗಲಕ್ಕೂ ಹಬ್ಬಿತು. ಅಂದರೆ ಈ ಹುಲ್ಲು ಕಲ್ಲಿನ ಚೌಕಟ್ಟು. ನೋಡೋದಕ್ಕೆ ಮಾಡಿದ್ದು, ಕೂರೋದಕ್ಕಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಆಮ್‌ಸ್ಟರ್‌ಡ್ಯಾಮಿನ ವೊಂಡೆಲ್‌ಪಾರ್ಕ್. ಊರಿಗೆ ಅಡ್ಡಾಡುವ ಜಾಗ ಬೇಕು ಅಂತ ಅಲ್ಲಿನ ಉಳ್ಳವರು 1864ರಲ್ಲಿ ಸಂಘ ಕಟ್ಟಿ, ಹಣ ಕೂಡಿಸಿ, ಜಮೀನು ಕೊಂಡರು. 1865ರಲ್ಲಿ ಪಾರ್ಕ್ ತೆರೆಯಿತು. 1867ರಲ್ಲಿ ಕವಿ ವೊಂಡೆಲ್ ಪ್ರತಿಮೆ ನಿಂತ ಮೇಲೆ ಜನರ ಬಾಯಲ್ಲಿ ಆ ಹೆಸರೇ ಉಳಿಯಿತು. 1953ರಲ್ಲಿ ಸಂಘ ಅದನ್ನು ನಗರಕ್ಕೆ ಒಪ್ಪಿಸಿತು. ಈಗ ಸುಮಾರು 47 ಹೆಕ್ಟೇರ್. ಓಟ, ಸೈಕಲ್, ಬುತ್ತಿಯೂಟ, ಬೇಸಿಗೆಯಲ್ಲಿ ಬಯಲು ನಾಟಕ, ಎಲ್ಲಾ ಅಲ್ಲೇ. ಅಲ್ಲಿನ ನೆಲ ಜೌಗು, ಕುಸಿಯುತ್ತಲೇ ಇರುತ್ತದೆ. ಆಗಾಗ ಮಣ್ಣು ತುಂಬಿ, ನೀರು ಬಸಿಯುವ ವ್ಯವಸ್ಥೆ ಸರಿಮಾಡದಿದ್ದರೆ ಪಾರ್ಕೇ ಕೆರೆಯಾಗುತ್ತದೆ.

ಆ ಪಾರ್ಕ್ 1996ರಿಂದ ರಾಷ್ಟ್ರೀಯ ಸ್ಮಾರಕವೂ ಹೌದು. ಹಾಗಂತ ಯಾರನ್ನೂ ಹುಲ್ಲಿನಿಂದ ಎಬ್ಬಿಸಲಿಲ್ಲ. 'ಅಲ್ಲಿ ಆಗೋದು ಇಲ್ಲೇಕೆ ಆಗಲ್ಲ?' ಅನ್ನೋ ಪ್ರಶ್ನೆ ಸಹಜ. ಆದರೆ ಅಲ್ಲಿ ಸ್ಮಾರಕ ಅನ್ನಿಸಿಕೊಂಡಿರುವುದು ಪಾರ್ಕೇ, ಜನ ಬಳಸಿದರೇನೇ ಅದಕ್ಕೆ ಅರ್ಥ. ಇಲ್ಲಿ ಸ್ಮಾರಕ ಬಳಪದ ಕಲ್ಲಿನ ಶಿಲ್ಪ. ಮೆತ್ತನೆಯ ಕಲ್ಲು, ಒಮ್ಮೆ ಸವೆದರೆ ಹೋಯಿತು. ಅದರ ಬುಡದಲ್ಲೇ ಜಾತ್ರೆ ಮಾಡಿ ಅಂತ ಯಾರೂ ಹೇಳಲಾರರು.

ಆಮ್‌ಸ್ಟರ್‌ಡ್ಯಾಮಿನಿಂದ ಕಲಿಯಬೇಕಾದದ್ದು ಬೇರೆ. ಊರಿಗೆ ಕೂರುವ ಜಾಗ ಬೇಕು ಅಂದಾಗ ಅವರು ಅದಕ್ಕಾಗಿಯೇ ಜಾಗ ಹುಡುಕಿದರು. ನಾವು ಸ್ಮಾರಕದ ಮೇಲೆ ಎರಡೂ ಕೆಲಸ ಹೊರಿಸಿ, ಆಮೇಲೆ ಜನರನ್ನು ಗದರುತ್ತಿದ್ದೇವೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಇನ್ನು ಕಣ್ಗಾವಲು ಹೆಚ್ಚುವುದೇ ಹೊರತು ಕಮ್ಮಿಯಾಗಲ್ಲ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಮನೆ ಕಟ್ಟೋಕೆ ಹೊರಟ ಸುತ್ತಲಿನವರಿಗೆ ಇದರ ಬಿಸಿ ತಟ್ಟುತ್ತದೆ.

ಆದರೆ ಪಾರ್ಕಿಗೆ ಕಟ್ಟಡ ಬೇಕಿಲ್ಲ. ನೆರಳು, ನೀರು, ಶೌಚಾಲಯ ಸಾಕು. ಸಾರ್ವಜನಿಕ ಶೌಚಾಲಯ ಮತ್ತು ಜನರಿಗೆ ನೀರು ಪೂರೈಸುವ ಕಾಮಗಾರಿಯನ್ನು ಅದೇ ಕಾಯ್ದೆ 'ನಿರ್ಮಾಣ' ಅನ್ನೋ ವ್ಯಾಖ್ಯಾನದಿಂದಲೇ ಹೊರಗಿಟ್ಟಿದೆ. ದೇವಸ್ಥಾನದ ಬೇಲಿಯಾಚೆ, ಕೆರೆಯ ಕಡೆಗೆ, ಹೊಂಗೆ-ಬೇವಿನ ನೆರಳಲ್ಲಿ ಮಕ್ಕಳು ಕೂತು ಉಣ್ಣುವಂಥ ಒಂದು ಜಾಗ ಮಾಡಿಕೊಟ್ಟರೆ ಕಲ್ಲೂ ಉಳಿಯುತ್ತೆ, ಊರಿನವರಿಗೂ ಸಂಜೆ ಅಡ್ಡಾಡಲು ತಮ್ಮದೇ ಪಾರ್ಕ್ ಸಿಗುತ್ತೆ. ಪುರಾತತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಸ್ಥಳೀಯ ಆಡಳಿತ ಮೂರೂ ಒಂದೇ ಮೇಜಿಗೆ ಬಂದರೆ ಆಗುವ ಕೆಲಸ ಇದು.