ಪಾದರಕ್ಷೆಯ ಬಾಳಿಕೆ

ದೂರದ ದಾರಿಗೆ ಹೊರಡುವವರು ಬುತ್ತಿಯನ್ನು ಕಟ್ಟಿಕೊಳ್ಳುವರು, ಹೊದಿಕೆಯನ್ನು ಮಡಿಸಿಕೊಳ್ಳುವರು, ಮಳೆಗಾಲವಾದರೆ ಕೊಡೆಯನ್ನೂ ಮರೆಯಲಾರರು. ಆದರೆ ದೇಹದ ಭಾರವನ್ನೆಲ್ಲ ಹೆಜ್ಜೆಹೆಜ್ಜೆಗೂ ಹೊರುವ ಪಾದರಕ್ಷೆಯ ವಿಚಾರವಾಗಿ ಅವರು ಯೋಚಿಸುವುದು ಅದು ಕಚ್ಚಿದಾಗ ಇಲ್ಲವೆ ಕಿತ್ತುಹೋದಾಗ ಮಾತ್ರ. ಒಂದು ಜೋಡು ವರ್ಷಗಟ್ಟಲೆ ಬಾಳುತ್ತದೆ, ಮತ್ತೊಂದು ಒಂದು ಜಾತ್ರೆಯ ನಡಿಗೆಗೂ ನಿಲ್ಲುವುದಿಲ್ಲ. ಈ ಭೇದಕ್ಕೆ ಕಾರಣವೇನು, ಕೊಳ್ಳುವವರು ಅದನ್ನು ಮುಂಚೆಯೇ ತಿಳಿಯುವ ಬಗೆ ಹೇಗೆ ಎಂಬುದನ್ನು ನಾವು ಇಲ್ಲಿ ವಿವರಿಸಬಯಸುತ್ತೇವೆ. ಇದಕ್ಕೆ ಏಕಸಂಬಿಯ ಸುತ್ತಣ ಸೀಮೆಗಿಂತ ಉತ್ತಮವಾದ ಉದಾಹರಣೆ ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಊರುಗಳು ಸೇರಿದ ಈ ಗಡಿನಾಡು ಮೊದಲಿಂದಲೂ ನಡೆಯುವವರ ನಾಡು. ಬೇಸಗೆಯಲ್ಲಿ ಬಿರಿಯುವ ಎರೆಮಣ್ಣು, ಕಬ್ಬಿನ ಕೂಳೆ ತುಂಬಿದ ಹೊಲ, ಜಾಲಿಯ ಮುಳ್ಳು ಬಿದ್ದ ಬದು, ಇವು ಇಲ್ಲಿಯ ದಾರಿಗಳು. ಆಷಾಢದಲ್ಲಿ ಪಂಢರಪುರಕ್ಕೆ, ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೋಗುವವರು ಇಂದಿಗೂ ಉಂಟು. ಇಂತಹ ದಾರಿಗೆ ತಕ್ಕುದಾಗಿ ರೂಪುಗೊಂಡ ಕಾಲ್ಮರಿಯನ್ನೇ ಲೋಕವು ಕೊಲ್ಹಾಪುರಿ ಚಪ್ಪಲಿಯೆಂದು ಕರೆಯುತ್ತದೆ. ಹೆಸರು ಪೇಟೆಯದು, ಕೈ ಮಾತ್ರ ಎರಡು ಭಾಷೆಗಳ ನಾಡಿನದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದುವೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಪಾದರಕ್ಷೆಯ ಬಾಳಿಕೆಯು ಅದನ್ನು ಹೊಲಿಯುವಾಗ ಹುಟ್ಟುವುದಲ್ಲ. ಅದಕ್ಕೂ ಎಷ್ಟೋ ದಿನ ಮೊದಲು, ತೊಗಲನ್ನು ಹದಮಾಡುವಾಗಲೇ ಹುಟ್ಟುತ್ತದೆ. ಹಸಿ ತೊಗಲೆಂದರೆ ನೀರಿನಿಂದ ತುಂಬಿದ ನಾರುಗಳ ಒಂದು ಹೆಣಿಗೆ. ಅದನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಬರಿದೆ ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ, ನೆನೆದರೆ ಮತ್ತೆ ಕೊಳೆಯತೊಡಗುತ್ತದೆ. ಜಾಲಿಯ ತೊಗಟೆಯಲ್ಲಿಯೂ ಅಳಲೆಕಾಯಿಯಲ್ಲಿಯೂ ನಾಲಗೆಗೆ ತಿಳಿಯುವ ಒಂದು ಒಗರು ಉಂಟಷ್ಟೆ? ಆ ಒಗರಿನ ಅಂಶವು ನಾರುನಾರಿನ ನಡುವೆ ಸೇರಿ, ನೀರಿನ ಸ್ಥಾನವನ್ನು ತಾನು ಹಿಡಿದು, ನಾರುಗಳನ್ನು ಪರಸ್ಪರ ಬಂಧಿಸುತ್ತದೆ. ಆಮೇಲೆ ಆ ತೊಗಲು ಸುಲಭವಾಗಿ ಕೊಳೆಯುವುದಿಲ್ಲ. ಇದೇ ಹದದ ಗುಟ್ಟು.

ಹಳೆಯ ಪದ್ಧತಿಯಲ್ಲಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲನ್ನೂ ಮಾಂಸದ ಅಂಶವನ್ನೂ ಹೆರೆದು, ಚೆನ್ನಾಗಿ ತೊಳೆದ ಮೇಲೆ ತೊಗಟೆಯ ಕಷಾಯದಲ್ಲಿ ಇಡುವರು. ಬಳಿಕ ಅದನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯನ್ನೂ ಕಷಾಯವನ್ನೂ ತುಂಬುವುದುಂಟು. ಕಷಾಯವು ತೊಗಲಿನ ಮೂಲಕವೇ ತೊಟ್ಟಿಕ್ಕುತ್ತ ಹೊರಬರುತ್ತದೆ. ಅದನ್ನು ಹಿಡಿದು ಮತ್ತೆ ಸುರಿಯುವರು. ಈ ಕಾರ್ಯಕ್ಕೆ ವಾರಗಳು ಬೇಕು. ಅವಸರ ಮಾಡಿದರೆ ತೊಗಲಿನ ಎರಡು ಮೈಗಳು ಮಾತ್ರ ಹದಗೊಂಡು, ನಡುವೆ ಹಸಿಯ ಎಳೆಯೊಂದು ಉಳಿಯುತ್ತದೆ. ಮೇಲೆ ಎಷ್ಟು ಹೊಳಪು ಕೊಟ್ಟರೂ ಚಪ್ಪಲಿಯು ಒಡೆಯುವುದು ಆ ಎಳೆಯಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮ ದೇಶಗಳಲ್ಲಿ ಕ್ರೋಮ್ ಲವಣಗಳಿಂದ ಹದಮಾಡುವ ವಿಧಾನವು ಬಳಕೆಗೆ ಬಂದಿತು. ವಾರಗಳ ಕೆಲಸ ಅದರಿಂದ ದಿನಗಳಿಗೆ ಇಳಿಯಿತು. ಆ ಚರ್ಮ ಮೃದುವಾದುದು, ಬಿಸಿಯನ್ನು ಹೆಚ್ಚು ತಾಳುವುದು. ಬೂಟಿನ ಮೇಲ್ಭಾಗಕ್ಕೆ ಬಹಳ ಒಳ್ಳೆಯದು. ತೊಗಟೆಯಿಂದ ಹದಗೊಂಡ ಚರ್ಮ ಗಟ್ಟಿಯಾದುದು, ಪಾದದ ಬೆವರನ್ನು ಹೀರುವುದು, ಮೆಟ್ಟಿದಂತೆ ಮೆಟ್ಟಿದವರ ಪಾದದ ಅಚ್ಚನ್ನೇ ತಾಳುವುದು. ಆದುದರಿಂದ ಅಟ್ಟೆಗೆ ಅದು ಯೋಗ್ಯ. ಒಂದನ್ನು ಹೊಗಳಿ ಮತ್ತೊಂದನ್ನು ತೆಗಳುವುದು ಸಲ್ಲದು. ಯಾವುದು ಎಲ್ಲಿಗೆ ತಕ್ಕುದೆಂಬ ವಿವೇಕ ಮುಖ್ಯ.

ಹದದ ತರುವಾಯ ಬರುವುದು ಕಟ್ಟಣೆ. ಸಂಪ್ರದಾಯದ ಚಪ್ಪಲಿಯಲ್ಲಿ ಮೊಳೆಯಿಲ್ಲ. ರಂಪಿಗೆಯಿಂದ ಕತ್ತರಿಸಿದ ಅಟ್ಟೆಯ ಪದರಗಳನ್ನು ಒಂದರ ಮೇಲೊಂದಿರಿಸಿ, ಆರಿಯಿಂದ ರಂಧ್ರ ಮಾಡಿ, ತೊಗಲಿನ ಎಳೆಯಿಂದಲೇ ಹೊಲಿಯುವರು. ಹೆಣಿಗೆಯ ಸೂಕ್ಷ್ಮ ಕೆಲಸವನ್ನು ಬಹುಮಟ್ಟಿಗೆ ಹೆಣ್ಣುಮಕ್ಕಳು ಮಾಡುವರು. ಹೊಲಿಗೆಯೂ ಅಟ್ಟೆಯೂ ಒಂದೇ ಜಾತಿಯ ವಸ್ತುವಾದುದರಿಂದ ಎರಡೂ ಒಟ್ಟಿಗೆ ಬಾಗುವುವು, ಒಟ್ಟಿಗೆ ಸವೆಯುವುವು. ಒಂದು ಬಾರು ಹರಿದರೆ ಅದೊಂದನ್ನೇ ಬದಲಿಸಬಹುದು. ಹಿಮ್ಮಡಿ ಸವೆದರೆ ಮತ್ತೊಂದು ಪದರವನ್ನು ಕೊಡಬಹುದು. ಬಾಳಿಕೆಯೆಂದರೆ ಹಾಳಾಗದಿರುವುದಷ್ಟೇ ಅಲ್ಲ, ಹಾಳಾದ ಭಾಗವನ್ನು ಸರಿಪಡಿಸಲು ಬರುವುದೂ ಬಾಳಿಕೆಯೇ.

ಬೆಟ್ಟ ಹತ್ತುವವರು ಇಂದು ತೊಡುವ ಬೂಟುಗಳೊಡನೆ ಇದನ್ನು ಹೋಲಿಸಿ ನೋಡೋಣ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡ ಇಟಲಿಯ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಯು, ಆ ದುರಂತಕ್ಕೆ ಅವರ ಪಾದರಕ್ಷೆಗಳೂ ಕಾರಣವೆಂದು ಬಗೆದು, 1937ರಲ್ಲಿ ಆಳವಾದ ಗೀರುಗಳುಳ್ಳ ರಬ್ಬರಿನ ಅಟ್ಟೆಯನ್ನು ಹೊರತಂದನು. ಒದ್ದೆ ಬಂಡೆಯ ಮೇಲೆ ರಬ್ಬರು ಹಿಡಿಯುವಷ್ಟು ತೊಗಲಿನ ಅಟ್ಟೆ ಹಿಡಿಯದು. ನಮ್ಮ ಚಪ್ಪಲಿ ಅಲ್ಲಿ ಜಾರುವುದು, ನೆನೆದರೆ ಉಬ್ಬುವುದು. ಸಹ್ಯಾದ್ರಿಯ ಮಳೆಗಾಲಕ್ಕೆ ಅದನ್ನು ಮೆಟ್ಟಿ ಹೋಗಿರೆಂದು ನಾವು ಯಾರಿಗೂ ಹೇಳಲಾರೆವು. ಆದರೆ ಈ ಹೊಸ ಬೂಟುಗಳಿಗೂ ತಮ್ಮದೇ ಆದ ಒಂದು ರೋಗವುಂಟು. ಹಲವು ಬೂಟುಗಳ ಅಟ್ಟೆಯ ನಡುಪದರವು ಪಾಲಿಯುರಿಥೇನ್ ಎಂಬ ಕೃತಕ ವಸ್ತುವಿನದು. ಗಾಳಿಯ ತೇವದಿಂದಲೇ ಅದು ವರ್ಷಗಳು ಕಳೆದಂತೆ ಶಿಥಿಲವಾಗುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಬೂಟು ಒಂದು ದಿನ ದಾರಿಯ ನಡುವೆ ಪುಡಿಪುಡಿಯಾಗಿ ಉದುರುವುದಕ್ಕೆ ಇದೇ ಕಾರಣ. ಅಟ್ಟೆಯನ್ನು ಅಂಟಿನಿಂದ ಕೂಡಿಸಿದ ಬೂಟಿಗಿಂತ ಹೊಲಿದು ಕೂಡಿಸಿದ ಬೂಟಿಗೆ ಹೊಸ ಅಟ್ಟೆ ಹಾಕುವುದು ಸುಲಭ. ಹೀಗೆ ಗುಡ್ಡದ ಬೂಟಿಗೂ ಹೊಲದ ಚಪ್ಪಲಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬಿಚ್ಚಿ ಮತ್ತೆ ಕಟ್ಟಬಹುದೇ?

ಇನ್ನು ಪರೀಕ್ಷೆಯ ಕ್ರಮ. ಮೊದಲು ಅಟ್ಟೆಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಬಣ್ಣವು ಮೇಲಿನಿಂದ ಕೆಳಗಿನವರೆಗೆ ಒಂದೇ ತೆರನಾಗಿದ್ದರೆ ಹದವು ಒಳಹೊಕ್ಕಿದೆ. ನಡುವೆ ಬಿಳಿಚಾದ ಗೆರೆ ಕಂಡರೆ ಹೊಕ್ಕಿಲ್ಲ. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ ಏಕೆಂದು ಕೇಳಬೇಕು. ಎರಡನೆಯದಾಗಿ, ಪದರಗಳ ನಡುವೆ ರಟ್ಟು ತುಂಬಿದೆಯೋ ಎಂದು ನೋಡಬೇಕು. ರಟ್ಟು ಮೊದಲ ಮಳೆಗೆ ಮೆತ್ತಗಾಗುವುದು. ಮೂರನೆಯದಾಗಿ, ಚಪ್ಪಲಿಯನ್ನು ಮೆಲ್ಲನೆ ಬಗ್ಗಿಸಬೇಕು. ಮೈಮೇಲೆ ಬಿರುಕು ಮೂಡಿದರೆ ತೊಗಲು ಒಣಗಿದೆ ಇಲ್ಲವೆ ಸುಟ್ಟಿದೆ. ನಾಲ್ಕನೆಯದಾಗಿ, ಅಟ್ಟೆ ಯಾವ ಭಾಗದ ತೊಗಲೆಂದು ವಿಚಾರಿಸಬೇಕು. ಬೆನ್ನಿನ ಭಾಗದ ನಾರು ಒತ್ತಾದುದು, ಹೊಟ್ಟೆಯ ಭಾಗದ್ದು ಸಡಿಲ, ಬೇಗನೆ ಜಗ್ಗುವುದು. ನಡೆವಾಗ ಬರುವ ಕರಕರ ಸದ್ದನ್ನು ಅನೇಕರು ಗುಣದ ಲಕ್ಷಣವೆಂದು ತಿಳಿಯುವರು. ಆ ಸದ್ದನ್ನು ಬೇಕೆಂದೇ ಹುಟ್ಟಿಸುವುದೂ ಉಂಟಾದ ಕಾರಣ ಅದನ್ನು ನಂಬುವಂತಿಲ್ಲ.

ಕೊಂಡ ಮೇಲೆ ಜೋಪಾನ ನಮ್ಮ ಪಾಲಿನದು. ಹೊಸ ಜೋಡು ಕಚ್ಚುವುದು ಸಹಜ. ಬಾರುಗಳ ಒಳಮೈಗೆ ತುಸು ಎಣ್ಣೆ ಸವರಿ, ಮೊದಲ ಕೆಲವು ದಿನ ಹತ್ತಿರದ ದಾರಿಗಷ್ಟೇ ಮೆಟ್ಟಬೇಕು. ಹೊಸ ಚಪ್ಪಲಿಯಲ್ಲಿ ಯಾತ್ರೆಗೆ ಹೊರಡುವುದು ಗಾಯವನ್ನು ಕಾಸು ಕೊಟ್ಟು ಕೊಂಡಂತೆ. ನೆನೆದುದನ್ನು ಒಲೆಯ ಬಳಿಯಲ್ಲಾಗಲಿ ಉರಿಬಿಸಿಲಿನಲ್ಲಾಗಲಿ ಒಣಗಿಸಬಾರದು. ಒದ್ದೆಯಾದ ತೊಗಲಿಗೆ ಬಿಸಿ ತಾಕಿದರೆ ನಾರು ಮುದುಡಿ ಸೆಟೆಯುವುದು. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ ಮತ್ತೆ ಎಣ್ಣೆ ಸವರಿದರೆ ಸಾಕು.

ಇಷ್ಟನ್ನು ವಿವರಿಸಲು ಒಂದು ಕಾರಣವುಂಟು. ಅಂಗಡಿಯಲ್ಲಿ ತೊಗಟೆಯ ಹದದ ಚಪ್ಪಲಿಯೂ, ರಟ್ಟು ತುಂಬಿ ಕೃತಕ ಚರ್ಮ ಹೊದಿಸಿದ ಚಪ್ಪಲಿಯೂ ಪಕ್ಕಪಕ್ಕದಲ್ಲಿ ಒಂದೇ ಹೆಸರಿನಿಂದ ಕುಳಿತಿರುತ್ತವೆ. ಭೇದವರಿಯದ ಗಿರಾಕಿಯು ಅಗ್ಗದ್ದನ್ನೇ ಆರಿಸುವನು. ಅದು ಬೇಗನೆ ಕಿತ್ತುಹೋದಾಗ ಕೊಲ್ಹಾಪುರಿಯೇ ಹೀಗೆಂದು ದೂರುವನು. ಹೀಗೆ ಕಳಪೆ ಮಾಲು ಒಳ್ಳೆಯ ಮಾಲಿನ ಬೆಲೆಯನ್ನಷ್ಟೇ ಅಲ್ಲ, ಹೆಸರನ್ನೂ ತಿನ್ನುತ್ತದೆ. ಕೊನೆಗೆ ನಷ್ಟವಾಗುವುದು ವಾರಗಟ್ಟಲೆ ಕಾದು ಹದಮಾಡಿದ ಕೈಗೆ. 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿತು; ಆಕ್ಷೇಪಗಳು ಬಂದ ಮೇಲೆ ಭಾರತದ ಕೈಕಸುಬೇ ಅದಕ್ಕೆ ಸ್ಫೂರ್ತಿಯೆಂದು ಒಪ್ಪಿಕೊಂಡಿತು. ಹೊರಗಿನವರು ಹೆಸರನ್ನು ಹೇಳಲಿಲ್ಲವೆಂದು ನಾವು ನೊಂದುಕೊಂಡೆವು, ಸರಿ. ಆದರೆ ನಮ್ಮೂರಿನ ಸಂತೆಯಲ್ಲಿ ಹದವಾದುದಕ್ಕೂ ಹುಸಿಯಾದುದಕ್ಕೂ ಒಂದೇ ಬೆಲೆ ಕಟ್ಟುವ ನಾವು ಕೊಟ್ಟ ಗೌರವ ಎಷ್ಟು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮೆಟ್ಟುಗಳನ್ನು ಬಸವಣ್ಣನವರು ಕಾಲಿಗೆ ಹಾಕದೆ ತಲೆಯ ಮೇಲಿರಿಸಿಕೊಂಡರೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ಅಷ್ಟು ದೊಡ್ಡ ಭಾವ ನಮಗೆ ಎಟುಕದಿದ್ದರೆ ಬೇಡ. ಕೊಳ್ಳುವ ಮೊದಲು ಅಂಚನ್ನು ಬೆಳಕಿಗೆ ಹಿಡಿದು ನೋಡುವುದು, ಹದವಾಗಿದ್ದರೆ ಚೌಕಾಸಿಯಿಲ್ಲದೆ ತಕ್ಕ ಬೆಲೆಯನ್ನು ಕೊಡುವುದು, ಹರಿದಾಗ ಎಸೆಯದೆ ಮತ್ತೆ ಹೊಲಿಸುವುದು, ಇವು ಮೂರು ಯಾರಿಗೂ ಅಸಾಧ್ಯವಲ್ಲ. ನಡೆಯುವವರ ಪಾದಕ್ಕೂ ಹೊಲಿಯುವವರ ಬದುಕಿಗೂ ಇದರಿಂದ ಒಂದೇ ಸಲಕ್ಕೆ ಹಿತವಾಗುವುದು.